ಡಿಯುಐ ಆದ್ಮೇಲೆ ಲೈಸೆನ್ಸ್ ಉಳಿಸ್ಕೊಡೋ ಲಾಯರ್ ಆಫೀಸು: ಕೊಟ್ಟ ದುಡ್ಡಿಗೆ ಏನ್ ಸಿಕ್ತು, ಏನ್ ಸಿಗ್ಲಿಲ್ಲ

ಮೊದ್ಲೇ ಹೇಳ್ಬಿಡ್ತೀನಿ, ಐದಕ್ಕೆ ಮೂರೂವರೆ ಸ್ಟಾರ್. ಅದ್ರಲ್ಲಿ ಮೂರು ಅವ್ರು ಮೊದಲನೇ ವಾರ ಮಾಡಿದ ಕೆಲ್ಸಕ್ಕೇ, ಆಮೇಲಿಂದೆಲ್ಲಾ ಸೇರಿ ಅರ್ಧ. ಕ್ಯಾಲಿಫೋರ್ನಿಯಾ ಬೇ ಏರಿಯಾದಲ್ಲಿ ಬರೀ ಡಿಯುಐ ಕೇಸ್ ನೋಡೋ ಒಂದು ಲಾಯರ್ ಆಫೀಸ್ ಇದು, ಅಂದ್ರೆ ಬೆಂಗ್ಳೂರಲ್ಲಿ ಡ್ರಂಕ್ ಆ್ಯಂಡ್ ಡ್ರೈವ್ ಅಂತೀವಲ್ಲ ಆ ಕೇಸು. ಆಫೀಸ್ ಹೆಸ್ರು ಹಾಕಲ್ಲ, ಯಾಕಂದ್ರೆ ಕೇಸ್ ನಂದಲ್ಲ, ನನ್ನ ಬಾಮೈದಂದು, ಹೆಸ್ರು ಹಾಕಿದ್ರೆ ನಮ್ಮ ಕನ್ನಡದವ್ರೇ ಎರಡು ದಿನದಲ್ಲಿ ಯಾರು ಅಂತ ಕಂಡ್ ಹಿಡೀತಾರೆ, ಅವ್ನು "ಭಾವ, ಬರೀರಿ ಆದ್ರೆ ಹೆಸ್ರು ಬೇಡ" ಅಂದಿದಾನೆ. ಓಡಾಡಿದ್ದು, ಫೋನ್ ಮಾಡಿದ್ದು, ಕಾಗದ ಓದಿದ್ದು ಮಾತ್ರ ಜಾಸ್ತಿ ನಾನೇ, ಅದಕ್ಕೇ ನಾನೇ ಬರೀತಿದೀನಿ.

ಏನಾಯ್ತು ಅನ್ನೋದು ದೊಡ್ಡ ಕಥೆ ಏನಲ್ಲ. ಮಿಲ್ಪಿಟಾಸ್‌ನಲ್ಲಿ ಫ್ರೆಂಡ್ ಮನೆ ಗೃಹಪ್ರವೇಶ, ಬೆಳಗ್ಗೆ ಸತ್ಯನಾರಾಯಣ ಪೂಜೆ ಸಂಜೆ ವಿಸ್ಕಿ, ವಾಪಸ್ ಸನಿವೇಲ್‌ಗೆ ಬರ್ತಾ 237ರಲ್ಲಿ ಕಾರು ಲೇನ್ ದಾಟಿ ವಾಲಾಡ್ತಿತ್ತು ಅಂತ ನಿಲ್ಸಿದಾರೆ, ಅರೆಸ್ಟ್ ಮಾಡಿ ಊದ್ಸಿದಾಗ 0.09 ಬಂದಿದೆ. ಅಂದ್ರೆ ರಕ್ತದಲ್ಲಿ ಶೇಕಡಾ ಎಷ್ಟು ಆಲ್ಕೋಹಾಲ್ ಇದೆ ಅನ್ನೋ ಲೆಕ್ಕ, ಇಲ್ಲಿ ಲಿಮಿಟ್ 0.08. ರಾತ್ರಿ ಒಳಗಿಟ್ಕೊಂಡು ಬೆಳಗ್ಗೆ ಬಿಟ್ರು. ಲೈಸೆನ್ಸ್ ಕಾರ್ಡ್ ವಾಪಸ್ ಕೊಡ್ಲಿಲ್ಲ, ಅದರ ಬದ್ಲು ಒಂದು ಗುಲಾಬಿ ಬಣ್ಣದ ಕಾಗದ ಕೈಗೆ ಕೊಟ್ಟಿದಾರೆ. ಇವ್ನು ಅದನ್ನ ರಸೀದಿ ಅಂದ್ಕೊಂಡು ಮಡಚಿ ಪ್ಯಾಂಟ್ ಜೇಬಲ್ಲಿಟ್ಕೊಂಡ್ ಬಂದ.

ಆ ಕಾಗದಾನೇ ಇಡೀ ಕೇಸಿನ ಜೀವ. ಒಂದು ಕಡೆಯಿಂದ ಅದು ನಿಮ್ಮ ಲೈಸೆನ್ಸ್ ಸಸ್ಪೆಂಡ್ ಮಾಡಿರೋ ಆರ್ಡರು, ಇನ್ನೊಂದು ಕಡೆಯಿಂದ 30 ದಿನ ಓಡಿಸ್ಬಹುದಾದ ಟೆಂಪರರಿ ಲೈಸೆನ್ಸು. ಅದ್ರಲ್ಲೇ ಸಣ್ಣಕ್ಷರದಲ್ಲಿ ಇರುತ್ತೆ, ನಿಮಗೆ ಇದು ಒಪ್ಪಿಗೆ ಇಲ್ದಿದ್ರೆ 10 ದಿನದೊಳಗೆ ಡಿಎಂವಿಗೆ (ನಮ್ಮ ಆರ್‌ಟಿಓ ಥರದ ಇಲಾಖೆ) ಹಿಯರಿಂಗ್ ಕೇಳಿ ಅಂತ. ಶನಿವಾರ ಭಾನುವಾರ ಸೇರಿಸಿ 10 ದಿನ ಸ್ವಾಮಿ. ಕೇಳ್ಲಿಲ್ಲ ಅಂದ್ರೆ 30 ದಿನ ಆದ್ಮೇಲೆ ಸಸ್ಪೆನ್ಷನ್ ತಾನಾಗೇ ಶುರು, ಮೊದಲ ಸಲ ಆದ್ರೆ 4 ತಿಂಗಳು. ಪೋಲೀಸ್ರು ಊದಿ ಅಥವಾ ರಕ್ತ ಕೊಡಿ ಅಂದಾಗ ಎರಡೂ ಆಗಲ್ಲ ಅಂದಿದ್ರೆ ಒಂದು ವರ್ಷ. ನಮ್ಮವ್ರು ಸುಮಾರು ಜನ ಎಡವೋದು ಇಲ್ಲೇ, ಕೋರ್ಟ್ ಡೇಟ್ ಇನ್ನೂ ಎಷ್ಟೋ ವಾರ ಮುಂದಿರುತ್ತೆ, ಜಡ್ಜ್ ಮುಂದೆ ಹೋದಾಗ ನೋಡ್ಕೊಳ್ಳೋಣ ಅಂತ ಕೂತಿರ್ತಾರೆ, ಆದ್ರೆ ಕೋರ್ಟ್ ಬೇರೆ ಡಿಎಂವಿ ಬೇರೆ, ಒಬ್ರಿಗೊಬ್ರು ಕಾಯಲ್ಲ. ಕೋರ್ಟಲ್ಲಿ ಕೇಸ್ ಹಗುರ ಆದ್ರೂ, ಬಿಟ್ಟೇ ಹಾಕಿದ್ರೂ ಡಿಎಂವಿ ಸಸ್ಪೆನ್ಷನ್ ಅಷ್ಟಕ್ಕೇ ಹೋಗ್ಬಿಡಲ್ಲ.

ಲಾಯರ್ ಹುಡ್ಕೋದು ಕಷ್ಟ ಅಂದ್ಕೊಂಡಿದ್ವಿ, ಲಾಯರ್‌ಗಳೇ ನಮ್ಮನ್ನ ಹುಡ್ಕೊಂಡ್ ಬಂದ್ರು. ಅರೆಸ್ಟ್ ಆಗಿ ಮೂರ್ನಾಕು ದಿನಕ್ಕೆ ಮೇಲ್‌ಬಾಕ್ಸ್ ತುಂಬಾ ಕವರ್‌ಗಳು, ಎಲ್ಲದ್ರ ಮೇಲೂ ಅರ್ಜೆಂಟ್ ಅಂತ ಕೆಂಪಕ್ಷರ, ಒಳಗೆ ಇವನ ಹೆಸ್ರು, ಬುಕ್ ಆದ ತಾರೀಖು. ಬುಕಿಂಗ್ ಮಾಹಿತಿ ಇಲ್ಲಿ ಸಾರ್ವಜನಿಕ ದಾಖಲೆ, ಅದನ್ನ ನೋಡ್ಕೊಂಡು ಕಳಿಸ್ತಾರೆ. ಅದೇ ಮೇಲ್‌ಬಾಕ್ಸ್ ಕೀ ಅವನ ರೂಮ್‌ಮೇಟ್ ಹತ್ರಾನೂ ಇದೆ, ಹಾಗಾಗಿ ಗುಟ್ಟು ಅನ್ನೋದು ಅವತ್ತಿಗೇ ಮುಗೀತು. ಒಂದು ಕಾಗದದಲ್ಲಿ ಲೈಸೆನ್ಸ್ ಗ್ಯಾರಂಟಿ ಉಳಿಸ್ತೀವಿ ಅಂತಿತ್ತು, ಅದನ್ನ ನೇರ ಕಸದ ಬುಟ್ಟಿಗೆ ಹಾಕ್ದೆ. ಗ್ಯಾರಂಟಿ ಅನ್ನೋ ಲಾಯರ್‌ನ ಹಾಸನದಲ್ಲೂ ನಂಬ್ಬಾರ್ದು ಸ್ಯಾನ್ ಹೋಸೇಲೂ ನಂಬ್ಬಾರ್ದು.

ನಾವು ಹಿಡಿದ ಆಫೀಸ್ ಮಾತ್ರ ಕಾಗದ ಕಳ್ಸಿದ್ದಲ್ಲ, ಕೆಲ್ಸದ ಕಡೆ ಒಬ್ರು ತೆಲುಗಿನವ್ರು ಹೇಳಿದ್ದು. ಫೋನ್ ಮಾಡಿದಾಗ ಅವ್ರು ಮೊದ್ಲು ಕೇಳಿದ್ದು ಎಷ್ಟು ಕುಡಿದಿದ್ದ ಅಂತಲ್ಲ, "ಪಿಂಕ್ ಪೇಪರ್ ಮೇಲೆ ಯಾವ ತಾರೀಖಿದೆ, ಅದರ ಫೋಟೋ ಕಳ್ಸಿ" ಅಂತ. ಅಲ್ಲೇ ನಂಗೆ ನಂಬಿಕೆ ಬಂತು. ಅವತ್ತೇ ಡಿಎಂವಿಯ ಡ್ರೈವರ್ ಸೇಫ್ಟಿ ಆಫೀಸಿಗೆ ಹಿಯರಿಂಗ್ ಬೇಕು ಅಂತ ಕೇಳಿದ್ರು, ಜೊತೆಗೇ ಹಿಯರಿಂಗ್ ಮುಗಿದು ತೀರ್ಮಾನ ಬರೋವರ್ಗೂ ಸಸ್ಪೆನ್ಷನ್ ತಡೀರಿ ಅಂತ ಸ್ಟೇ ಕೇಳಿದ್ರು, ಪೋಲೀಸ್ ರಿಪೋರ್ಟು, ಆಫೀಸರ್ ಪ್ರಮಾಣ ಮಾಡಿ ಕೊಟ್ಟ ಹೇಳಿಕೆ, ಊದೋ ಮಷಿನ್ ದಾಖಲೆ ಎಲ್ಲಾ ಕಳ್ಸಿ ಅಂತ ಕೇಳಿದ್ರು. ಆ ಸ್ಟೇಯಿಂದ 30 ದಿನದ ಕಾಗದ ತಿಂಗಳುಗಟ್ಲೆ ಎಳೀತು, ಅಷ್ಟು ದಿನಾನೂ ಇವ್ನು ಮಾಮೂಲಿ ಥರ ಕೆಲ್ಸಕ್ಕೆ ಓಡಿಸ್ಕೊಂಡು ಹೋದ. ಹೇಳಿದ್ನಲ್ಲ ಮೂರು ಸ್ಟಾರ್, ಅದು ಇದಕ್ಕೇ.

ಆದ್ರೆ ಒಂದು ಮಾತು ಇಲ್ಲೇ ಹೇಳ್ಬೇಕು. ಈ ಹಿಯರಿಂಗ್ ಕೇಳೋದಕ್ಕೆ ಲಾಯರೇ ಬೇಕು ಅಂತಿಲ್ಲ. ಯಾರಿಗೆ ನೋಟಿಸ್ ಕೊಟ್ಟಿದಾರೋ ಅವ್ರೇ ಫೋನ್ ಮಾಡಿ ಕೇಳ್ಬಹುದು, ಹಿಯರಿಂಗ್ ಬೇಕು, ಸ್ಟೇ ಬೇಕು, ನಿಮ್ಮ ಹತ್ರ ಇರೋ ಸಾಕ್ಷಿ ಕಾಪಿ ಬೇಕು, ಅಷ್ಟೇ. ಲಾಯರ್ ಸಿಗೋದು ತಡ ಆಗ್ತಿದೆ, ಎಂಟನೇ ದಿನ ಆಗೋಯ್ತು ಅಂದ್ರೆ ಮೊದ್ಲು ನೀವೇ ಫೋನ್ ಮಾಡಿ ಕೇಳ್ಕೊಂಡ್ಬಿಡಿ, ಲಾಯರ್ ಆಮೇಲೆ ಬಂದು ಸೇರ್ಕೊಳ್ತಾರೆ. ಈ ಆಫೀಸ್‌ನವ್ರು ಇದನ್ನ ಏನೋ ಮಹಾ ವಿದ್ಯೆ ಥರ ಹೇಳ್ಕೊಂಡ್ರು, ಬಿಲ್‌ನಲ್ಲೂ ಅದೇ ಮೇಲಿತ್ತು. ಮಾಡಿದ್ದು ಸರಿಯಾದ ಕೆಲ್ಸ, ಹೇಳ್ಕೊಂಡಿದ್ದು ಸ್ವಲ್ಪ ಜಾಸ್ತಿ.

ಹಿಯರಿಂಗ್ ಅಂದ್ರೆ ನಮ್ಗೆ ಕಟಕಟೆ, ಕರೀ ಕೋಟು ಎಲ್ಲಾ ಕಣ್ಮುಂದೆ ಬಂದಿತ್ತು. ನಡೆದಿದ್ದು ಫೋನಲ್ಲಿ! ಡಿಎಂವಿ ಆಫೀಸರ್ ಒಬ್ರು, ನಮ್ಮ ಲಾಯರ್, ಇವ್ನು ಬಾಯಿ ತೆಗೀಲೇ ಇಲ್ಲ, ತೆಗೀಬೇಡ ಅಂತ ಲಾಯರೇ ಹೇಳಿದ್ರು. ಅಲ್ಲಿ ನೋಡೋದು ಮೂರೇ ವಿಷ್ಯ: ನಿಲ್ಸೋಕೆ ಸರಿಯಾದ ಕಾರಣ ಇತ್ತಾ, ಅರೆಸ್ಟ್ ಕಾನೂನು ಪ್ರಕಾರ ಆಯ್ತಾ, 0.08 ಅಥವಾ ಮೇಲೆ ಇತ್ತಾ. ನನ್ ಮಗಂಗೆ ಹುಷಾರಿರ್ಲಿಲ್ಲ, ಕಂಪನಿಗೆ ಹೋಗೋಕೆ ಕಾರ್ ಬೇಕೇ ಬೇಕು, ಇದೆಲ್ಲ ಅಲ್ಲಿ ಲೆಕ್ಕಕ್ಕೇ ಬರಲ್ಲ. ಲಾಯರ್ ಹಿಡ್ಕೊಂಡಿದ್ದು ಮೂರನೇದನ್ನ. ಕ್ಯಾಲಿಫೋರ್ನಿಯಾದಲ್ಲಿ ಟೈಟಲ್ 17 ಅಂತ ನಿಯಮಗಳಿವೆ, ಊದ್ಸೋಕೆ ಮುಂಚೆ 15 ನಿಮಿಷ ಆ ಮನುಷ್ಯನ್ನ ಬಿಡದೇ ಗಮನಿಸ್ಬೇಕು, ತೇಗು ವಾಂತಿ ಏನೂ ಆಗಿರ್ಬಾರ್ದು, ಆಮೇಲೆ ಮಷಿನ್‌ನ 10 ದಿನಕ್ಕೊಂದ್ಸಲ ಅಥವಾ 150 ಟೆಸ್ಟಿಗೊಂದ್ಸಲ, ಯಾವ್ದು ಮೊದ್ಲೋ ಆಗ, ಸರಿ ಇದೆಯಾ ಅಂತ ಪರೀಕ್ಷೆ ಮಾಡಿರ್ಬೇಕು. 0.09 ಅನ್ನೋದು ಗೆರೆ ಪಕ್ಕದಲ್ಲೇ ಇರೋ ನಂಬರ್ ಆದ್ದರಿಂದ ಮಷಿನ್ ಒಂಚೂರು ಆಚೀಚೆ ಆದ್ರೂ ಕಥೆ ಬದಲಾಗುತ್ತೆ ಅನ್ನೋದು ಅವರ ವಾದ. ದಾಖಲೆ ಬಂತು, ನೋಡಿದ್ರೆ ಎಲ್ಲಾ ಸರಿಯಾಗೇ ಇದೆ. 15 ನಿಮಿಷಾನೂ ರಿಪೋರ್ಟಲ್ಲಿ ಬರ್ದಿದ್ರು.

ನಾನು ಲಾಯರ್‌ನ ಕೇಳ್ದೆ, ಆ ಪೋಲೀಸ್ ಆಫೀಸರ್‌ನೇ ಸಮನ್ಸ್ ಮಾಡಿ ಕರ್ಸಿ ಪ್ರಶ್ನೆ ಕೇಳ್ಬಹುದಲ್ವಾ ಅಂತ. ಕರ್ಸ್ಬಹುದು, ಖರ್ಚು ನಮ್ದೇ, ಆದ್ರೆ ಅವ್ರು ಬಂದ್ರೆ ರಿಪೋರ್ಟಲ್ಲಿ ಬಿಟ್ಟುಹೋಗಿರೋದನ್ನೂ ಬಾಯಲ್ಲಿ ಹೇಳಿ ತುಂಬಿಸ್ಬಿಡ್ತಾರೆ, ಬೇಡ ಅಂದ್ರು. ಈ ಉತ್ತರ ನಂಗೆ ಇಷ್ಟ ಆಯ್ತು, ಸುಮ್ನೆ ಓಡಾಡಿ ಬಿಲ್ ಏರ್ಸೋ ಜನ ಅಲ್ಲ. ಇನ್ನೊಂದು ವಿಷ್ಯಾನೂ ಅವ್ರೇ ಹೇಳಿದ್ದು, ಮುಂಚೆ ಈ ಹಿಯರಿಂಗಲ್ಲಿ ಡಿಎಂವಿ ಪರವಾಗಿ ಸಾಕ್ಷಿ ಮಂಡಿಸೋರೂ ತೀರ್ಪು ಕೊಡೋರೂ ಒಬ್ರೇ ಆಗಿರ್ತಿದ್ರಂತೆ, ಡಿಯುಐ ಲಾಯರ್‌ಗಳ ಸಂಘಾನೇ ಕೋರ್ಟಿಗೆ ಹೋಗಿ 2022ರಲ್ಲಿ ಅಪೀಲ್ ಕೋರ್ಟ್ ಅದು ತಪ್ಪು ಅಂತು. ಎದುರು ಪಾರ್ಟಿ ವಕೀಲ್ರೇ ಎದ್ದು ಹೋಗಿ ಜಡ್ಜ್ ಸೀಟಲ್ಲಿ ಕೂತಂಗೆ ಆಯ್ತಲ್ಲ, ಅಷ್ಟು ವರ್ಷ ಹೇಗೆ ನಡೀತೋ.

ಕೊನೆಗೆ ಹಿಯರಿಂಗ್ ಸೋತ್ವಿ. 4 ತಿಂಗಳ ಸಸ್ಪೆನ್ಷನ್ ಖಾಯಂ ಅಂತ ಕಾಗದ ಬಂತು. ಸೋತಿದ್ದಕ್ಕೆ ನಾನು ಸ್ಟಾರ್ ಕಿತ್ಕೊಂಡಿಲ್ಲ, ಕಿತ್ಕೊಂಡಿದ್ದು ಸೋತ ಮೇಲೆ ಈ ಆಫೀಸ್ ಮೌನ ಆಗಿದ್ದಕ್ಕೆ. ಅಸಲಿ ಲೈಸೆನ್ಸ್ ಉಳಿಸ್ಕೊಳ್ಳೋ ದಾರಿ ಅಲ್ಲಿಂದ್ಲೇ ಶುರು ಆಗೋದು, ಅದನ್ನ ಹೇಳೋಕೆ ಅವ್ರಿಗೆ ಪುರುಸೊತ್ತಿರ್ಲಿಲ್ಲ. ಅಲ್ಲಿ ಲಾಯರ್‌ಗಳಿಗೆ ಸಹಾಯ ಮಾಡೋ ಪ್ಯಾರಾಲೀಗಲ್ ಹುಡ್ಗಿ ಒಬ್ಳು ಪಾಪ ಒಂದು ಪಿಡಿಎಫ್ ಕಳ್ಸಿದ್ಳು, ಅದ್ರಲ್ಲಿ ಅರ್ಧ ಹಳೇ ನಿಯಮ. ಜಾಹೀರಾತಲ್ಲಿ ಫೋಟೋ ಇರೋ ದೊಡ್ಡ ಲಾಯರ್ ಮೊದಲ ಫೋನಲ್ಲಿ ಮಾತಾಡಿದ್ದೇ ಕೊನೆ, ಹಿಯರಿಂಗಿಗೆ ಬಂದಿದ್ದು ಬೇರೆಯವ್ರು, ಕೋರ್ಟಿಗೆ ನಿಂತಿದ್ದು ಇನ್ನೂ ಬೇರೆಯವ್ರು.

ದಾರಿ ಏನಪ್ಪಾ ಅಂದ್ರೆ, ಊದೋಕೆ ಒಪ್ಪಿದ್ದ ಮೊದಲ ಸಲದವ್ರಿಗೆ ಇಲ್ಲಿ ಎರಡು ಆಯ್ಕೆ ಇರುತ್ತೆ. ಒಂದು, 30 ದಿನ ಸ್ಟಿಯರಿಂಗ್ ಮುಟ್ಟದೇ ಇದ್ದು ಆಮೇಲೆ 5 ತಿಂಗಳು ಬರೀ ಕೆಲ್ಸಕ್ಕೆ ಮತ್ತೆ ಡಿಯುಐ ಕ್ಲಾಸಿಗೆ (ಕುಡಿದು ಓಡಿಸ್ದವ್ರಿಗೆ ನಡೆಸೋ ಪಾಠ) ಓಡಿಸೋ ನಿರ್ಬಂಧದ ಲೈಸೆನ್ಸ್. ಇನ್ನೊಂದು, ಕಾರಿಗೆ ಇಗ್ನಿಷನ್ ಇಂಟರ್‌ಲಾಕ್ ಅನ್ನೋ ಊದೋ ಡಬ್ಬ ಹಾಕ್ಸಿ 4 ತಿಂಗಳು ಎಲ್ಲಿಗೆ ಬೇಕಾದ್ರೂ ಓಡಿಸೋದು, ಒಂದು ದಿನಾನೂ ಕಾಯ್ಬೇಕಾಗಿಲ್ಲ. ಎರಡಕ್ಕೂ ಡಿಯುಐ ಕ್ಲಾಸಿಗೆ ಸೇರಿರ್ಬೇಕು, ಇನ್ಶೂರೆನ್ಸ್ ಕಂಪನಿಯಿಂದ, ಇನ್ಶೂರೆನ್ಸ್ ಇದೆ ಅಂತ ತೋರಿಸೋ ಎಸ್‌ಆರ್-22 ಅನ್ನೋ ಫಾರಂ ಡಿಎಂವಿಗೆ ಹೋಗಿರ್ಬೇಕು, 125 ಡಾಲರ್ ಫೀ ಕಟ್ಟಿರ್ಬೇಕು. ಇದೆಲ್ಲಾ ನಾವು ಡಿಎಂವಿ ಕಾಗದಗಳನ್ನ ಓದಿ ಓದಿ ತಿಳ್ಕೊಂಡಿದ್ದು. ನಾಲ್ಕು ಸಾವಿರ ಡಾಲರ್ ಹತ್ರ ತಗೊಂಡ ಆಫೀಸು ಹತ್ತು ನಿಮಿಷ ಕೂತು ಹೇಳಿದ್ರೆ ನಾಲ್ಕೂವರೆ ಸ್ಟಾರ್ ಕೊಡ್ತಿದ್ದೆ.

ಬಾಮೈದ ಡಬ್ಬ ಹಾಕ್ಸ್ದ. ಅದರ ಬಗ್ಗೆನೂ ಎರಡು ಮಾತು, ಯಾಕಂದ್ರೆ ಅದೂ ದುಡ್ಡು ಕೊಟ್ಟು ತಗೊಂಡ ಸರ್ವೀಸೇ. ಕಾರ್ ಸ್ಟಾರ್ಟ್ ಮಾಡೋಕೆ ಮುಂಚೆ ಊದ್ಬೇಕು, ಓಡಿಸ್ತಿರೋವಾಗ ಮಧ್ಯೆ ಮಧ್ಯೆ ಬೀಪ್ ಅನ್ನುತ್ತೆ ಆಗ್ಲೂ ಊದ್ಬೇಕು, ನಮ್ದಕ್ಕೆ ಕ್ಯಾಮೆರಾನೂ ಇತ್ತು, ಬೇರೆಯವ್ರ ಕೈಲಿ ಊದ್ಸೋ ಹಾಗಿಲ್ಲ. ಮೌತ್‌ವಾಶ್ ಹಾಕ್ಕೊಂಡು ತಕ್ಷಣ ಊದಿದ್ರೆ ಫೇಲ್ ತೋರ್ಸುತ್ತೆ, ಬಾಯಿ ಮುಕ್ಕಳಿಸಿ ಸ್ವಲ್ಪ ಹೊತ್ತು ಬಿಟ್ಟು ಊದ್ಬೇಕು. 60 ದಿನದೊಳಗೆ ಒಂದ್ಸಲ ತಗೊಂಡೋಗಿ ಸರ್ವೀಸ್ ಮಾಡ್ಸ್ಬೇಕು, ಮರೆತ್ರೆ ಅದು ಡಿಎಂವಿಗೆ ಗೊತ್ತಾಗುತ್ತೆ. ಡಬ್ಬ ಇಲ್ಲದ ಕಾರ್ ಓಡಿಸೋ ಹಾಗಿಲ್ಲ, ಹಾಗಾಗಿ ನಮ್ಮ ಮನೆ ಕಾರಿಗೂ ಅವನಿಗೂ ಸಂಬಂಧ ಕಟ್. ಅದೇ ಟೈಮಲ್ಲಿ ನಮ್ಮತ್ತೆ ಹಾಸನದಿಂದ ಬಂದಿದ್ರು, "ಇದೇನೋ ಪೀಪಿ ಥರ ಊದ್ತೀಯಾ ದಿನಾ" ಅಂದ್ರೆ "ಕಾರ್ ಕಳ್ತನ ಆಗ್ದೇ ಇರ್ಲಿ ಅಂತ ಕಣಮ್ಮಾ, ನನ್ ಉಸಿರು ಗೊತ್ತಾದ್ರೇನೇ ಸ್ಟಾರ್ಟ್ ಆಗೋದು" ಅಂದ. ಅವ್ರು ಅಮೆರಿಕ ಎಷ್ಟು ಮುಂದುವರ್ದಿದೆ ಅಂತ ಪಕ್ಕದ್ಮನೆಯವ್ರಿಗೆಲ್ಲಾ ಫೋನಲ್ಲಿ ಹೇಳಿದ್ದೂ ಆಯ್ತು. ಡಬ್ಬಕ್ಕೆ ನಾಲ್ಕು ಸ್ಟಾರ್, ಹೇಳಿದ ಕೆಲ್ಸ ಮಾಡುತ್ತೆ, ಬಾಡಿಗೆ ಮಾತ್ರ ತಿಂಗಳು ತಿಂಗಳು ಕೊಡ್ತಿರ್ಬೇಕು.

ಕೋರ್ಟ್ ಕಡೆ ಕೆಲ್ಸ ಪರವಾಗಿಲ್ಲ, ಚೆನ್ನಾಗೇ ಮಾಡಿದ್ರು. ಮೊದಲ ಸಲದ, ಯಾರಿಗೂ ಏಟಾಗದ ಕೇಸ್ ಇಲ್ಲಿ ಸಣ್ಣ ಅಪರಾಧ, ಅಂದ್ರೆ ಮಿಸ್‌ಡಿಮೀನರ್, ಅಂಥದ್ರಲ್ಲಿ ಲಾಯರೇ ನಮ್ಮ ಬದ್ಲು ನಿಂತ್ಕೋಬಹುದು, ಹಾಗಾಗಿ ಸ್ಯಾನ್ ಹೋಸೆ ಹೆಡ್ಡಿಂಗ್ ಸ್ಟ್ರೀಟ್ ಕೋರ್ಟಿಗೆ ಇವ್ನು ಪದೇ ಪದೇ ರಜಾ ಹಾಕಿ ಹೋಗೋದು ತಪ್ತು. 0.09 ಅನ್ನೋ ಕಾರಣಕ್ಕೆ ಡಿಯುಐನ, ಕುಡಿದು ಬೇಜವಾಬ್ದಾರಿಯಿಂದ ಓಡಿಸಿದ್ದು ಅನ್ನೋ ಹಗುರ ಆರೋಪಕ್ಕೆ, ಅಂದ್ರೆ ವೆಟ್ ರೆಕ್‌ಲೆಸ್‌ಗೆ ಇಳಿಸಿದ್ರು. ಇದರಿಂದ ಲೈಸೆನ್ಸಿಗೆ ಏನ್ ಲಾಭ ಅಂದ್ರೆ, ಡಿಯುಐ ಅಂತಾನೇ ಶಿಕ್ಷೆ ಆಗಿದ್ರೆ ಕೋರ್ಟ್ ಲೆಕ್ಕದಲ್ಲಿ ಇನ್ನೊಂದು 6 ತಿಂಗಳ ಸಸ್ಪೆನ್ಷನ್ ಇರ್ತಿತ್ತು, ವೆಟ್ ರೆಕ್‌ಲೆಸ್‌ಗೆ ಅದಿಲ್ಲ. ಆದ್ರೆ ಹತ್ತು ವರ್ಷದೊಳಗೆ ಇನ್ನೊಂದ್ಸಲ ಸಿಕ್ಕಾಕ್ಕೊಂಡ್ರೆ ಇದನ್ನೂ ಮೊದಲನೇ ಡಿಯುಐ ಅಂತಾನೇ ಎಣಿಸ್ತಾರೆ, ಇದನ್ನ ಮಾತ್ರ ಲಾಯರ್ ಮೂರು ಸಲ ಒತ್ತಿ ಹೇಳಿದ್ರು, ಅದು ಒಳ್ಳೇದು.

ಈಗ ನಮ್ಮವ್ರಿಗೆ ಮುಖ್ಯವಾದ ವಿಷ್ಯ, ಈ ಆಫೀಸ್ ಬಾಯೇ ಬಿಡದ ವಿಷ್ಯ: ವೀಸಾ. ಬಾಮೈದ ಎಚ್-1ಬಿ ಅನ್ನೋ ಕೆಲ್ಸದ ವೀಸಾ ಮೇಲಿದಾನೆ. ಡಿಯುಐ ಅರೆಸ್ಟ್ ಆದ್ರೆ ಸಾಕು, ಕೋರ್ಟಲ್ಲಿ ಏನೂ ತೀರ್ಮಾನ ಆಗ್ದೇ ಇದ್ರೂ ಅಮೆರಿಕದ ವಿದೇಶಾಂಗ ಇಲಾಖೆಯಾದ ಸ್ಟೇಟ್ ಡಿಪಾರ್ಟ್‌ಮೆಂಟ್ ಪಾಸ್‌ಪೋರ್ಟಲ್ಲಿರೋ ವೀಸಾ ಸ್ಟ್ಯಾಂಪ್ ರದ್ದು ಮಾಡ್ಬಹುದು. ಇವ್ನಿಗೂ ಸ್ಟ್ಯಾಂಪ್ ಹಾಕಿದ್ದ ಕಾನ್ಸುಲೇಟ್‌ನಿಂದ ಇಮೇಲ್ ಬಂತು, ಅದನ್ನ ಓದ್ದೋನು ಊಟ ಬಿಟ್ಟು ಕೂತ್ಬಿಟ್ಟ, ಲೈಸೆನ್ಸ್ ಹೋದಾಗ್ಲೂ ಅಷ್ಟು ಹೆದ್ರಿರ್ಲಿಲ್ಲ. ಲಾಯರ್ ಆಫೀಸಿಗೆ ಫೋನ್ ಮಾಡಿದ್ರೆ "ನಾವು ಇಮಿಗ್ರೇಷನ್ ನೋಡಲ್ಲ" ಅಂತ ಒಂದೇ ಮಾತು. ನೋಡ್ದೇ ಇದ್ರೆ ಪರವಾಗಿಲ್ಲಪ್ಪಾ, ಹೀಗಾಗ್ಬಹುದು ಬೇರೆಯವ್ರನ್ನ ಕೇಳ್ಕೊಳ್ಳಿ ಅಂತ ಮೊದಲ ದಿನ ಹೇಳೋಕೇನು! ಇಷ್ಟು ಇಂಡಿಯನ್ಸ್ ಇರೋ ಊರಲ್ಲಿ ಇದೇ ಕೆಲ್ಸ ಮಾಡ್ಕೊಂಡು ಕೂತವ್ರಿಗೆ ಇದು ಗೊತ್ತಿಲ್ದೇ ಇರುತ್ತಾ.

ಬೇರೆ ಇಮಿಗ್ರೇಷನ್ ಲಾಯರ್‌ಗೆ ಇನ್ನೊಂದಿಷ್ಟು ದುಡ್ಡು ಕೊಟ್ಟು ಕೇಳಿದ್ಮೇಲೆ ಗೊತ್ತಾಗಿದ್ದು ಇಷ್ಟು. ಸ್ಟ್ಯಾಂಪ್ ರದ್ದಾದ್ರೂ ಇಲ್ಲಿ ಇರೋದಕ್ಕೆ, ಕೆಲ್ಸ ಮಾಡೋದಕ್ಕೆ ತಕ್ಷಣ ತೊಂದ್ರೆ ಇಲ್ಲ, ಆದ್ರೆ ದೇಶ ಬಿಟ್ಟು ಹೋದ್ರೆ ವಾಪಸ್ ಬರೋಕೆ ಹೊಸ ವೀಸಾನೇ ಬೇಕು, ಅದಕ್ಕೆ ಇಂಟರ್‌ವ್ಯೂ ಆಗಿ, ಕಾನ್ಸುಲೇಟ್ ಹೇಳಿದ ಡಾಕ್ಟರ್ ಹತ್ರ ಕುಡಿತದ ಬಗ್ಗೆ ಪರೀಕ್ಷೆ ಆಗಿ, ಅವ್ರು ಸರಿ ಅಂದ್ಮೇಲೇ ಮುಂದಿಂದು. ಊರಲ್ಲಿ ಅವನ ದೊಡ್ಡಪ್ಪನ ಮಗಳ ಮದುವೆಗೆ ಬುಕ್ ಮಾಡಿದ್ದ ಟಿಕೆಟ್ ಕ್ಯಾನ್ಸಲ್ ಮಾಡಿದ್ವಿ. ಮನೇಲಿ ಪ್ರಾಜೆಕ್ಟ್ ರಿಲೀಸ್ ಅಂತ ಹೇಳಿದಾನೆ.

ಇದೆಲ್ಲಾ ಕೇಳಿದ ಒಬ್ಬ ಫ್ರೆಂಡ್ ಐಡಿಯಾ ಕೊಟ್ಟ, "ಅವನ ಇಂಡಿಯಾ ಲೈಸೆನ್ಸ್ ಇದೆಯಲ್ಲ, ಅದ್ರಲ್ಲಿ ಓಡಿಸ್ಲಿ ಬಿಡು". ದಯವಿಟ್ಟು ಇಂಥ ಬುದ್ಧಿವಂತಿಕೆ ಮಾಡ್ಬೇಡಿ. ಸಸ್ಪೆಂಡ್ ಆಗೋದು ಬರೀ ಪ್ಲಾಸ್ಟಿಕ್ ಕಾರ್ಡ್ ಅಲ್ಲ, ಕ್ಯಾಲಿಫೋರ್ನಿಯಾದಲ್ಲಿ ಓಡಿಸೋ ಹಕ್ಕೇ. ಇಂಡಿಯಾದ್ದು ದುಬೈದು ಯಾವ್ದು ತೋರಿಸಿದ್ರೂ ಸಸ್ಪೆನ್ಷನ್‌ನಲ್ಲಿ ಓಡಿಸೋದು ಹೊಸ ಕ್ರಿಮಿನಲ್ ಕೇಸ್. ಇನ್ನೊಬ್ಬ "ಬೆಂಗ್ಳೂರಲ್ಲಾಗಿದ್ರೆ ಏನೂ ಆಗ್ತಿರ್ಲಿಲ್ಲ" ಅಂದ, ಅವನಿಗೂ ಹೇಳ್ತೀನಿ ಕೇಳಿ, ನಮ್ಮಲ್ಲಿ ಲಿಮಿಟ್ 100 ಎಂಎಲ್ ರಕ್ತಕ್ಕೆ 30 ಮಿಲಿಗ್ರಾಂ, ಅಂದ್ರೆ ಇಲ್ಲಿನ ಲೆಕ್ಕದಲ್ಲಿ 0.03, ಇವನ 0.09 ಅಲ್ಲಿ ಮೂರರಷ್ಟು ಆಗ್ತಿತ್ತು. 2019ರಲ್ಲಿ ಕಾನೂನು ಬದಲಾದ್ಮೇಲೆ ಮೊದಲ ಸಲಕ್ಕೇ 10,000 ರೂಪಾಯಿ ದಂಡ ಅಥವಾ 6 ತಿಂಗಳವರೆಗೆ ಜೈಲು ಅಥವಾ ಎರಡೂ, ಲೈಸೆನ್ಸ್ 3 ತಿಂಗಳು ಅಮಾನತ್ತು ಮಾಡೋಕೂ ಆರ್‌ಟಿಓಗೆ ಅಧಿಕಾರ ಇದೆ.

ಹಾಗಾದ್ರೆ ಇಂಥ ಆಫೀಸಿಗೆ ದುಡ್ಡು ಕೊಡ್ಬೇಕಾ? ನಂಬರ್ 0.08, 0.09 ಹತ್ರ ಇದ್ರೆ, ನಿಲ್ಸಿದ ಕಾರಣಾನೇ ಅನುಮಾನ ಇದ್ರೆ, ಆ್ಯಕ್ಸಿಡೆಂಟ್ ಆಗಿದ್ರೆ, ಊದಲ್ಲ ಅಂದಿದ್ರೆ, ಖಂಡಿತ ಕೊಡಿ. ನಂಬರ್ ತುಂಬಾ ಜಾಸ್ತಿ ಇದ್ದು ರಿಪೋರ್ಟ್ ಗಟ್ಟಿಯಾಗಿದ್ರೆ ಡಿಎಂವಿ ಹಿಯರಿಂಗಿಗೆ ಅಂತ ಪ್ರತ್ಯೇಕ ದುಡ್ಡು ಸುರಿಯೋಕೆ ಮುಂಚೆ ಯೋಚ್ನೆ ಮಾಡಿ, ಆ ದುಡ್ಡು ಕ್ಲಾಸಿಗೂ ಡಬ್ಬಕ್ಕೂ ಬೇಕಾಗುತ್ತೆ. ದುಡ್ಡಿಲ್ದವ್ರಿಗೆ ಕೋರ್ಟಿಗೆ ಸರ್ಕಾರದ ಖರ್ಚಲ್ಲೇ ವಕೀಲ್ರು ಸಿಗ್ತಾರೆ, ಆದ್ರೆ ಅವ್ರು ಡಿಎಂವಿ ಹಿಯರಿಂಗಿಗೆ ಬರಲ್ಲ, ಅದನ್ನ ನೀವೇ ನೋಡ್ಕೋಬೇಕು.

ಸೈನ್ ಹಾಕೋಕೆ ಮುಂಚೆ ಅಗ್ರಿಮೆಂಟ್ ಪೂರ್ತಿ ಓದಿ. ಡಿಎಂವಿ ಹಿಯರಿಂಗ್ ಫೀಸ್ ಒಳಗೇ ಇದೆಯಾ ಬೇರೆನಾ, ಕೇಸ್ ಟ್ರಯಲ್‌ಗೆ ಹೋದ್ರೆ ಎಷ್ಟು, ಹಿಯರಿಂಗಲ್ಲಿ ಮಾತಾಡೋದು ಯಾರು, ಸೋತ್ರೆ ಮುಂದಿನ ಕಾಗದ ಕೆಲ್ಸ ಯಾರು ಮಾಡ್ತಾರೆ, ಈ ನಾಲ್ಕನ್ನೂ ಬಾಯಲ್ಲಿ ಅಲ್ಲ, ಇಮೇಲಲ್ಲಿ ಕೇಳಿ. ಹಾಗೇ ಎಸ್‌ಆರ್-22 ಮೂರು ವರ್ಷ ಇರ್ಬೇಕು, ಲೈಸೆನ್ಸ್ ವಾಪಸ್ ಬಂತಲ್ಲ ಅಂತ ನಡುವೆ ಕಮ್ಮಿ ರೇಟಿನ ಇನ್ಶೂರೆನ್ಸ್‌ಗೆ ಹಾರ್ಬೇಡಿ, ಹೊಸ ಕಂಪನಿ ಆ ಫಾರಂ ಹಾಕೋಕೆ ಮುಂಚೆ ಹಳೇದು ನಿಂತ್ರೆ ಡಿಎಂವಿ ಮತ್ತೆ ಸಸ್ಪೆಂಡ್ ಮಾಡುತ್ತೆ.